ಎಡ ಹೆಗಲಿನ ಕೋವಿ

ಮುಂಡಪ್ಪ ಶೆಟ್ಟರ ಎಡಗೈಯನ್ನು ಸರಿಯಾಗಿ ಕಂಡವರು ಕಡಿಮೆ. ನವಿ ಮುಂಬಯಿಯ ರಬಾಳೆಯ ಕಾರ್ಖಾನೆಗಳ ನಡುವಿನ ತಮ್ಮ ಕ್ಯಾಂಟೀನಿನಲ್ಲಿ ಓಡಾಡುವಾಗಲೂ, ಕಾಮೋಠೆಯ ಮನೆಗೆ ಮರಳುವ ಲೋಕಲ್ ರೈಲಿನಲ್ಲಿ ಜನರ ನಡುವೆ ಸಿಕ್ಕಿ ನಿಂತಾಗಲೂ, ಕನ್ನಡ ಸಂಘದ ವೇದಿಕೆಯಲ್ಲಿ ಶಾಲು ಹೊದಿಸಿಕೊಳ್ಳುವಾಗಲೂ ಅದು ಸಫಾರಿಯ ಜೇಬಿನೊಳಗೇ ಇರುತ್ತದೆ. ಹಾಗೆ ದಶಕಗಟ್ಟಲೆ ಅಡಗಿಸಿಟ್ಟುಕೊಂಡ ಫಲವಾಗಿ ಎಡಭುಜ ತುಸು ಇಳಿದು, ನಡಿಗೆಯೂ ಆ ಬದಿಗೆ ವಾಲಿದೆ. ಅವರ ಯಾವ ಸಫಾರಿಯಲ್ಲೂ ಮೊದಲು ಹರಿಯುವುದು ಎಡಜೇಬು. ಅದನ್ನು ಗೊಣಗುತ್ತ ಹೊಲಿದುಕೊಡುವವರು ಹೆಂಡತಿ ಪ್ರಫುಲ್ಲಾ.

ಶೆಟ್ಟರು ಹುಟ್ಟಾ ಎಡಚರು. ಆ ಅಪರಾಧಕ್ಕೆ ಶಿಕ್ಷೆ ಮೂರು ಕಡೆಗಳಿಂದ ಬಂತು. ಊಟಕ್ಕೆ ಕುಳಿತಾಗ ತಾಯಿ ಆ ಕೈಯನ್ನು ಹಳೆಯ ಸೀರೆಯ ಅಂಚಿನಿಂದ ಬೆನ್ನಿಗೆ ಕಟ್ಟಿದರು, ಶಾಲೆಯಲ್ಲಿ ಮಾಸ್ತರರು ಅದರ ಗೆಣ್ಣುಗಳ ಮೇಲೆ ಅಡಿಕೋಲನ್ನು ಮುರಿದರು, ಇಪ್ಪತ್ತರ ಹರೆಯದಲ್ಲಿ ಡೊಂಬಿವಲಿಯ ಹೋಟೆಲೊಂದರಲ್ಲಿ ಬಡಿಸುವ ಕೆಲಸಕ್ಕೆ ಸೇರಿದಾಗ ಅಲ್ಲಿನ ಮಾಲಕರು ಮೊದಲ ದಿನವೇ ಗುಡುಗಿದರು: "ಗಿರಾಕಿಯ ತಟ್ಟೆಗೆ ಎಡಗೈ ತೋರಿಸ್ಬೇಡ ಮಾರಾಯ. ಎದ್ದು ಹೋಗ್ತಾರೆ ಅವ್ರು!" ಕುದಿಯುವ ಸಾಂಬಾರಿನ ಬಕೆಟ್ಟಿನೊಂದಿಗೆ ಬಲಗೈ ಹೊಸದಾಗಿ ಅಕ್ಷರಾಭ್ಯಾಸ ಮಾಡಿತು. ಅದರ ಸುಟ್ಟ ಗುರುತುಗಳು ಮೊಣಕೈಯವರೆಗೆ ಇಂದಿಗೂ ಇವೆ. ಆಮೇಲೆ ಸಹಿ, ಆರತಿ, ನಮಸ್ಕಾರ, ಎಲ್ಲವನ್ನೂ ಬಲಗೈಯೇ ವಹಿಸಿಕೊಂಡಿತು.

ಇಷ್ಟನ್ನೂ ಶೆಟ್ಟರು ಕ್ಷಮಿಸಿಬಿಟ್ಟಿದ್ದರು. ಮರೆಯದೆ ಎದೆಯಲ್ಲಿ ಇಟ್ಟುಕೊಂಡದ್ದು ತಂದೆಯ ಒಂದು ಮಾತನ್ನು. ಬೆಳ್ತಂಗಡಿಯ ಆಚೆ, ಕಾಡಿನ ಅಂಚಿಗೆ ತಾಗಿದ ಅವರ ಗದ್ದೆಗೆ ಹಂದಿಗಳ ಕಾಟ. ತಂದೆಯ ಬಳಿ ಒಂದು ಹಳೆಯ ಬೋಲ್ಟ್ ರೈಫಲ್. ಹದಿಮೂರರ ವಯಸ್ಸಿನಲ್ಲಿ ಮುಂಡಪ್ಪ ಅದನ್ನು ಎಡ ಹೆಗಲಿಗೇರಿಸಿ, ಹಲಸಿನ ಕೊಂಬೆಗೆ ನೇತುಹಾಕಿದ್ದ ತೆಂಗಿನ ಗೆರಟೆಯನ್ನು ಮೊದಲ ಗುಂಡಿಗೇ ಚೂರು ಮಾಡಿದ್ದರು. ಆದರೆ ಎರಡನೆಯ ತೋಟಾ ಏರಿಸಲು ಎಳೆಯಬೇಕಾದ ಬೋಲ್ಟಿನ ಹಿಡಿ ಇರುವುದು ಬಲಗಡೆ. ಎಡಗೈ ಕೋವಿಯ ಮೇಲಿಂದ ಹಾದು ಅದನ್ನು ತಡಕಾಡುತ್ತಿರುವಾಗ ತಂದೆ ಕೋವಿ ಕಿತ್ತುಕೊಂಡು ಕಿರಿಯ ಮಗ ಚೆನ್ನಯನ ಕೈಗೆ ಕೊಟ್ಟರು. "ನೀನು ಬೋಲ್ಟು ಹುಡುಕುವಷ್ಟರಲ್ಲಿ ಹಂದಿ ನಿನ್ನ ತೊಡೆ ಸೀಳಿರ್ತದೆ. ಎಡಚನಿಗೆ ಕೋವಿ ಹೇಳಿದ್ದಲ್ಲ" ಎಂದರು. ಅಂದು ಹೋದ ಕೋವಿ ಮುಂದೆ ಚೆನ್ನಯನ ಹೆಸರಿಗೇ ಆಯಿತು; ತಂದೆಯ ಅಭಿಮಾನವೂ ಅದರ ಹಿಂದೆಯೇ ಹೋಯಿತು. ಎಡಗೈಗೆಂದೇ ಮಾಡಿದ ರೈಫಲೊಂದನ್ನು ಹಿಡಿದು, ಸಾಯುವ ಮೊದಲು ಒಂದು ಸಲ, ಆ ಗದ್ದೆಯ ಬದುವಿನಲ್ಲಿ ಚೆನ್ನಯನ ಪಕ್ಕ ನಿಲ್ಲಬೇಕು. ಶೆಟ್ಟರ ಜೀವಮಾನದ ಆಸೆ ಇಷ್ಟೇ ಆಗಿತ್ತು.

ಊರಿನ ಪಾಲಿನ ಗದ್ದೆಯ ಬೆಳೆ ಕಾಯಲೆಂದು ಅರ್ಜಿ ಹಾಕಿ, ಕಚೇರಿಗಳನ್ನು ಸುತ್ತಿ, ಪರವಾನಗಿ ಕೈಗೆ ಬರುವಾಗ ಶೆಟ್ಟರಿಗೆ ಐವತ್ತಾರು. ಕೋವಿ ಕೊಳ್ಳಲು ಎರಡು ವರ್ಷಗಳ ಗಡುವು. "ಕಾಮೋಠೆಡ್ ಪಂಜಿ ಉಂಡಾ?" ಎಂದು ಪ್ರಫುಲ್ಲಾ ತುಳುವಿನಲ್ಲಿ ಛೇಡಿಸಿದರು. ಕಾಮೋಠೆಯಲ್ಲಿ ಹಂದಿ ಇಲ್ಲದಿರುವುದು ಶೆಟ್ಟರಿಗೂ ಗೊತ್ತಿತ್ತು.

ಕಲ್ಯಾಣದ ಕೋವಿ ವ್ಯಾಪಾರಿ ಮುರಾರಿ ಮೊದಲೇ ಕೈಚೆಲ್ಲಿಬಿಟ್ಟಿದ್ದ. ಇಲ್ಲಿ ಸಿಗುವ ಹೊಸ ರೈಫಲುಗಳೆಲ್ಲ ಬಲಗೈಯವರಿಗೆ. ವಿದೇಶದಿಂದ ತರಿಸುವ ಬಾಗಿಲು ಮುಚ್ಚಿದೆ. ಹಳೆಯ ಕಾಲದಲ್ಲಿ ತರಿಸಿಕೊಂಡ ಎಡಚನೊಬ್ಬ ತೀರಿಕೊಂಡು ಅವನ ಮನೆಯವರು ಮಾರಲು ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂದಿನಿಂದ ಪ್ರತಿ ಭಾನುವಾರ ಶೆಟ್ಟರ ಫೋನು: "ಮುರಾರಿಜೀ, ಕೋಯೀ ಲೆಫ್ಟೀ ಗಯಾ ಕ್ಯಾ?" ಆ ಕಡೆಯಿಂದ, "ನಹೀ ಶೇಟ್, ಸಬ್ ತಂದುರುಸ್ತ್ ಹೈ." ಯಾವ ಎಡಚನೂ ಸತ್ತಿಲ್ಲವೆಂಬ ಸುದ್ದಿ ಕೇಳಿ ಅಷ್ಟು ಖಿನ್ನರಾಗುತ್ತಿದ್ದ ಸಜ್ಜನ ಇನ್ನೊಬ್ಬರಿರಲಾರರು.

ಎಂಟನೆಯ ತಿಂಗಳು ಅಂಥ ಒಂದು ರೈಫಲ್ ಬಂತು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ, ತುಕ್ಕು ತಿಂದಿದೆಯೆಂದು ಶೆಟ್ಟರು ಒಲ್ಲೆನೆಂದರು. ಆಯ್ಕೆಯ ವಿಷಯದಲ್ಲಿ ಅವರದು ಹೆಣ್ಣು ನೋಡುವವರ ಹಟ. ಹಿಡಿ ಎಡಕ್ಕಿದ್ದರೆ ಸಾಲದು, ಖಾಲಿ ತೋಟಾ ಹಾರುವ ಕಂಡಿಯೂ ಎಡಕ್ಕಿರಬೇಕು, ಇಲ್ಲವಾದರೆ ಅದು ಮುಖದ ಮುಂದೆಯೇ ಹಾಯುತ್ತದೆ. ಮರದ ಉಬ್ಬು ಎಡಗೆನ್ನೆಗೆ ಒದಗಬೇಕು. ಬೋಲ್ಟು ಕೂತ ಮೇಲೆ ಕೂದಲೆಳೆಯಷ್ಟೂ ಅಲುಗಬಾರದು. ಹಿಂಬದಿಯನ್ನು ಮೊಣಕೈ ಮಡಿಕೆಗೆ ಒತ್ತಿದರೆ ಬೆರಳು ತಾನಾಗಿ ಕುದುರೆಗೆ, ಅಂದರೆ ಟ್ರಿಗರಿಗೆ, ತಾಗಬೇಕು. ಲೋಕಲಿನಲ್ಲಿ ಪಕ್ಕ ಸಿಕ್ಕಿದ ಲೆಕ್ಕಪರಿಶೋಧಕರಿಗೂ ಅವರು ಇದನ್ನು ತನ್ಮಯರಾಗಿ ವಿವರಿಸುತ್ತಿದ್ದರು. ಆಗ ಮಾತ್ರ, ಅವರಿಗೇ ತಿಳಿಯದಂತೆ, ಎಡಗೈ ಜೇಬಿನಿಂದ ಹೊರಗೆ ಬಂದು ಗಾಳಿಯಲ್ಲಿ ಬೋಲ್ಟು ಎಳೆಯುತ್ತಿತ್ತು.

ಇಪ್ಪತ್ತೆರಡನೆಯ ತಿಂಗಳು ಘೋಡಬಂದರ್ ರಸ್ತೆಯ ವೃದ್ಧರೊಬ್ಬರು ತೀರಿಕೊಂಡರು. ಮುರಾರಿಯ ಕರೆ ಬಂದೊಡನೆ ಶೆಟ್ಟರು ಮಗಳು ಮಾನಸಿಯನ್ನು ಕರೆದುಕೊಂಡು ಕಲ್ಯಾಣಕ್ಕೆ ಧಾವಿಸಿದರು. ಗಂಟೆಹೊತ್ತು ಪರೀಕ್ಷಿಸಿದರೂ ಆ ರೈಫಲಿನಲ್ಲಿ ಒಂದು ದೋಷ ಸಿಗಲಿಲ್ಲ. ಶೆಟ್ಟರ ಕಣ್ಣು ತುಂಬಿತು. "ಉಠಾಕೇ ದೇಖಿಯೇ ನಾ, ಶೇಟ್" ಎಂದ ಮುರಾರಿ.

ಶೆಟ್ಟರು ಎತ್ತಿದರು. ಕೋವಿ ನೇರವಾಗಿ ಬಲ ಹೆಗಲಿಗೆ ಹೋಗಿ ಕೂತಿತು.

"ಅರೇ, ಆಪ್ ತೋ ರೈಟೀ ನಿಕಲೇ!" ಮುರಾರಿ ನಕ್ಕ. ಶೆಟ್ಟರು ಇಳಿಸಿ, ಹಟದಿಂದ ಎಡ ಹೆಗಲಿಗಿಟ್ಟರು. ಕೆನ್ನೆಗೆ ಎಲ್ಲಿ ಒರಗಬೇಕೆಂದು ತಿಳಿಯಲಿಲ್ಲ, ಬಲಗಣ್ಣು ಮುಚ್ಚಲು ಒಪ್ಪಲಿಲ್ಲ, ಎಡಗೈಯ ಬೆರಳು ಕುದುರೆ ಸಿಗದೆ ತಡಕಾಡಿತು. ಮೂರನೆಯ ಸಲವೂ ಅದೇ ಆಯಿತು.

"ಪಪ್ಪಾ, ಪ್ರಾಕ್ಟೀಸ್ ಸೇ ಆ ಜಾಯೇಗಾ," ಎಂದಳು ಮಾನಸಿ.

"ಬಲಗೈಗೆ ಬರ್ಲಿಕ್ಕೆ ನನ್ನ ಇಡೀ ಆಯುಷ್ಯ ಹೋಯ್ತು ಮಗಾ. ಇನ್ನೊಂದು ಆಯುಷ್ಯ ಎಲ್ಲುಂಟು?" ಎಂದು ಶೆಟ್ಟರು ರೈಫಲನ್ನು ಗಾಜಿನ ಮೇಜಿನ ಮೇಲಿಟ್ಟು ಹೊರಗೆ ನಡೆದರು. ಉಳಿದೆರಡು ತಿಂಗಳು ಸುಮ್ಮನೆ ಕಳೆದು ಗಡುವು ಮುಗಿಯಿತು. ಒಳ್ಳೆಯ ಮಾಲು ಸಿಗಲಿಲ್ಲವೆಂದು ಚೆನ್ನಯನಿಗೆ ಫೋನಿನಲ್ಲಿ ಹೇಳಿದರು.

ಅದೇ ವಾರ ಕ್ಯಾಂಟೀನಿಗೆ ವಿಜಯಪುರದ ಕಡೆಯ ಕುಶಲನೆಂಬವನು ಬಡಿಸುವ ಕೆಲಸಕ್ಕೆ ಸೇರಿದ. ಮೂವತ್ತು ದಾಟಿದ ಆಳು, ಚುರುಕು ಕೈ. ಮೊದಲ ದಿನ ಅವನು ಎಡಗೈಯಲ್ಲಿ ಸೌಟು ಹಿಡಿದು ಒಂದು ಹನಿ ಚೆಲ್ಲದೆ ಸಾಲಿಗೆ ಸಾಲನ್ನೇ ಬಡಿಸಿಕೊಂಡು ಬರುವುದನ್ನು ಶೆಟ್ಟರು ಗಲ್ಲಾದಿಂದ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಇಡೀ ಕ್ಯಾಂಟೀನು ತಲೆಯೆತ್ತುವಂತೆ ಕೂಗಿದರು, "ಬಲಗೈ!"

"ನನಗ ಎಡಗೈನ ಸಲೀಸ್ರೀ, ಮಾಲಕರ."

"ನನಗೂ ಹಾಗೇ ಇತ್ತು. ಬಲಗೈಯಲ್ಲಿ ಬಡಿಸು."

ಪೆಟ್ಟು ತಿಂದವನು ಅದರ ನೋವು ಬಲ್ಲ, ಆದ್ದರಿಂದ ಇನ್ನೊಬ್ಬನ ಮೇಲೆ ಕೈಯೆತ್ತಲಾರ ಎಂದು ನಾವು ನಂಬಿಕೊಂಡಿದ್ದೇವೆ. ಶೆಟ್ಟರಂಥವರನ್ನು ಹತ್ತಿರದಿಂದ ಕಂಡ ಮೇಲೆ ಆ ನಂಬಿಕೆ ಉಳಿಯುವುದಿಲ್ಲ. ಕಳೆದುಹೋದುದಕ್ಕಾಗಿ ಜೀವಮಾನವಿಡೀ ಕೊರಗುವ ಈ ಜನ ಅದನ್ನು ಕಿತ್ತುಕೊಂಡವರನ್ನು ಎಂದೋ ಕ್ಷಮಿಸಿರುತ್ತಾರೆ. ಇನ್ನೂ ಕಳೆದುಕೊಳ್ಳದವನನ್ನು ಮಾತ್ರ ಕ್ಷಮಿಸಲಾರರು.