ಬಾಗಿಲ ಕಡೆ ಮುಖ ಮಾಡಿದ ಹಕ್ಕಿಗಳು

ಹಕ್ಕಿಗಳೆಲ್ಲ ಬಾಗಿಲ ಕಡೆ ಮುಖ ಮಾಡಿವೆ ಎಂದು ನಯನ ಕಂಡುಹಿಡಿದಾಗ ರವಿಚಂದ್ರ ಏಣಿಯ ನಾಲ್ಕನೆಯ ಮೆಟ್ಟಿಲ ಮೇಲಿದ್ದ, ಬಾಯಲ್ಲಿ ಮೊಳೆ ಕಚ್ಚಿಕೊಂಡು.

ಬಾಯಲ್ಲಿ ಮೊಳೆ ಇರುವವನು ವಾದ ಮಾಡಲಾರ. ಅದೂ ಒಂದು ಅನುಕೂಲವೇ. ನಲವತ್ತೇಳು ವರ್ಷ ಅವನು ಏನನ್ನಾದರೂ ಕಚ್ಚಿಕೊಂಡೇ ಬದುಕಿದ್ದ.

"ಎಣ್ಸಿ ನೋಡಿ," ಎಂದಳು ನಯನ, ಗಂಡನಿಗೆ. "ಅನ್ನೊಂದವೆ. ಅನ್ನೊಂದೂ ಆಚಿಗೇ ಓಯ್ತಾ ಅವೆ. ಒಂದಾದ್ರೂ ಒಳಿಕ್ಕೆ ನೋಡ್ತಾ ಅದಾ?"

ಗಂಡ, ಅಂದರೆ ಈ ಹೊಸ ಮನೆಯ ಯಜಮಾನ ಚಲುವರಾಜು, ಬೆರಳು ಮಡಿಚಿ ಎಣಿಸಿದ. ಗೋಡೆಗೆ ಒರಗಿಸಿಟ್ಟಿದ್ದ ಆ ಚಿತ್ರವನ್ನು ಅವನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು.

"ಊ ಕಣ್ಲಾ ರವಿ. ಎಲ್ಲಾ ಬಾಕ್ಲು ಕಡೀಕೇ ಒಂಟವೆ."

ರವಿಚಂದ್ರ ಮೊಳೆ ಕೈಗೆ ತೆಗೆದುಕೊಂಡ. "ಹಕ್ಕಿ ಅಂದ್ಮೇಲೆ ಎತ್ತಗಾದ್ರೂ ಓಗ್ಬೇಕಲ್ಲ."

"ಓಗ್ಲಿ ರವಿಯಣ್ಣ, ಬ್ಯಾಡ ಅಂದೋರ್ಯಾರು. ಒಳಿಕ್ಕೆ ಓಗ್ಲಿ," ಎಂದಳು ನಯನ. "ಯೂಟ್ಯೂಬಲ್ಲಿ ವಾಸ್ತು ಹೇಳೋರು ಬುಡಿಸಿ ಬುಡಿಸಿ ಹೇಳವ್ರೆ. ನಡುಮನೇಲಿ ಹಕ್ಕಿ ಆಚಿಗೆ ಹಾರ್ತಾ ಇದ್ರೆ ಲಕ್ಸ್ಮಿನೂ ಅವುಗಳ ಹಿಂದೇನೇ ಹೊಂಟೋಯ್ತಾಳಂತೆ."

ವಾಸ್ತು ಬಂದಲ್ಲಿ ವಾಸ್ತವಕ್ಕೆ ಜಾಗವಿಲ್ಲ ಎಂದು ರವಿಚಂದ್ರನ ನಾಲಗೆ ತುದಿಗೆ ಬಂತು. ಮಳವಳ್ಳಿಯ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಾಗಿದ್ದರೆ ಹೇಳಿಯೇಬಿಡುತ್ತಿದ್ದ. ಡ್ರಾಯಿಂಗ್ ಮೇಷ್ಟ್ರ ಮಾತಿಗೆ ಅಲ್ಲಿ ಯಾರೂ ನಗದಿದ್ದರೂ ಕೇಳಿಸಿಕೊಳ್ಳುತ್ತಿದ್ದರು. ಇಲ್ಲಿ ಇದು ಮದ್ದೂರು, ಗೆಳೆಯನ ಗೃಹಪ್ರವೇಶ.

ಚಿತ್ರ ಐದಡಿ ಅಗಲ, ಮೂರಡಿ ಎತ್ತರದ ಪ್ಲೈವುಡ್ ಹಲಗೆಯ ಮೇಲಿತ್ತು. ಆಕ್ರಿಲಿಕ್. ಎಂಟು ತಿಂಗಳ ಭಾನುವಾರಗಳು. ಕೆಳಗೆ ಸಮುದ್ರ, ಮೇಲೆ ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆಗಳು. ಆ ಕೊಕ್ಕರೆಗಳು ಸಮುದ್ರದ ಮೇಲೆ ಹಾರುವ ಜಾತಿಯವಲ್ಲ ಎಂದು ಅವನಿಗೆ ಗೊತ್ತಿತ್ತು. ಸಮುದ್ರವನ್ನೂ ಅವನು ಒಂದೇ ಸಲ ನೋಡಿದ್ದ, ಮಂಡ್ಯದ ಕಾಲೇಜಿನಿಂದ ಟೂರ್ ಹೋದಾಗ, ಬಸ್ಸಿನ ತುಂಬ ವಾಂತಿ ಮಾಡಿಕೊಂಡ ಚಲುವರಾಜುವಿನ ತಲೆ ಹಿಡಿದುಕೊಂಡು. ಹಾಗಾಗಿ ಹಲಗೆಯ ಮೇಲಿನ ಅಲೆಗಳು ನಿಜಕ್ಕೂ ಕಬ್ಬು. ಹನಕೆರೆ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಕಿಟಕಿಯಿಂದ ಕಾಣುವ, ಗಾಳಿಗೆ ಒಂದೇ ಕಡೆ ಬಾಗುವ ಕಬ್ಬು. ಅದಕ್ಕೇ ನೀಲಿ ಬಳಿದಿದ್ದ.

"ಈ ಗೋಡೆ ಬ್ಯಾಡ, ಎದುರು ಗೋಡೆಗೆ ಹಾಕಿದ್ರೆ ಒಳಿಕ್ಕೆ ನೋಡ್ತವೆ," ಎಂದ ರವಿಚಂದ್ರ.

"ಅಲ್ಲಿ ಟೀವಿ ಬತ್ತದೆ ಕಣ್ಲಾ."

"ಮತ್ತೆ?"

"ಹಕ್ಕೀನೇ ಒಂಚೂರು ತಿರುಗಿಸ್ಬುಡು. ಬಣ್ಣ ಗಿಣ್ಣ ತಂದಿದ್ದೀಯಲ್ಲ."

ಗಾಡಿಗೆ ಕಟ್ಟಿದ ಎತ್ತು ತಿರುಗಿಸು ಎನ್ನುವ ಧಾಟಿಯಲ್ಲಿ ಅಂದ. ರವಿಚಂದ್ರ ಕೆಳಗೆ ನೋಡಿದ. ಚಲುವರಾಜು ನಗುತ್ತಿದ್ದ. ಹಳೆಯ ನಗೆಯೇ. ಆ ನಗೆಗೆ ಅವನು ಇಲ್ಲ ಅಂದವನಲ್ಲ.

ಯಾಕೆಂದರೆ ಒಂದು ವಾಕ್ಯವಿತ್ತು.

ಇಪ್ಪತ್ತಾರು ವರ್ಷದ ಹಿಂದೆ, ಹಾಸ್ಟೆಲ್ಲಿನ ಕೋಣೆಯಲ್ಲಿ, ರವಿಚಂದ್ರ ಬರೆದ ಮೊದಲ ಬಯಲಿನ ಚಿತ್ರದ ಮುಂದೆ ಚಲುವರಾಜು ನಿಂತು, ಅಂಗಿಯ ಮೇಲಿನ ಗುಂಡಿ ಬಿಚ್ಚಿ, "ಮುಂದೆ ನಿಂತ್ಕಂಡ್ರೆ ಮೈಗೆ ಗಾಳಿ ಬೀಸ್ದಂಗಾಯ್ತದೆ ಕಣ್ಲಾ," ಅಂದಿದ್ದ. ಪೂರಿಗಾಲಿಯ ಅಂಕಯ್ಯನ ಮಗ ರವಿಚಂದ್ರನಿಗೆ ಅದುವರೆಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ಅಪ್ಪ, "ಇದ್ರಲ್ಲಿ ಹೊಟ್ಟೆ ತುಂಬ್ತದಾ?" ಎಂದಷ್ಟೇ ಕೇಳಿದ್ದ. ಹೊಟ್ಟೆಯನ್ನು ಆಮೇಲೆ ಸರ್ಕಾರದ ಸಂಬಳ ತುಂಬಿತು. ಮಿಕ್ಕಿದ್ದನ್ನೆಲ್ಲ ಈ ವಾಕ್ಯ ತುಂಬಿತ್ತು.

ಆಮೇಲೆ ಅವನು ಬರೆದದ್ದೆಲ್ಲ ಮಂಚದ ಕೆಳಗೆ ಸೇರಿತು. ವಸಂತ, ಗ್ರೀಷ್ಮ, ವರ್ಷ, ಶರತ್ತು, ಹೇಮಂತ, ಶಿಶಿರ. ಅವನ ಊರಿನಲ್ಲಿ ಇದ್ದದ್ದು ಎರಡೇ ಋತು, ನಾಲೆಗೆ ನೀರು ಬಿಟ್ಟದ್ದು ಮತ್ತು ನಿಲ್ಲಿಸಿದ್ದು. ಆದರೂ ಆರನ್ನೂ ಬರೆದ. ಚಲುವರಾಜು ಬಂದಾಗಲೆಲ್ಲ ನೋಡಿ, ಗಾಳಿ ಬೀಸಿಸಿಕೊಂಡು, ಒಂದನ್ನೂ ಒಯ್ಯದೆ ಹೋಗುತ್ತಿದ್ದ. "ನಮ್ಮ ಹಳೇ ಮನೆ ಗೋಡೆ ನಿನ್ನ ಚಿತ್ರಕ್ಕೆ ತಕ್ಕದಲ್ಲ ಕಣ್ಲಾ. ಹೊಸ ಮನೆ ಕಟ್ಟಿಸ್ತೀನಲ್ಲ, ನಡುಮನೇಗೆ ಗೋಡೆ ತುಂಬ ಒಂದು ಬರ್ಕೊಡು."

ರವಿಚಂದ್ರನ ಹೆಂಡತಿ ಅರುಂಧತಿ ಇವತ್ತು ಬೆಳಿಗ್ಗೆ, ಹಲಗೆಯನ್ನು ಗೂಡ್ಸ್ ಆಟೋಗೆ ಏರಿಸುವಾಗ, "ಪೂಜೆಗೆ ಯಾಕೆ ಕರೀನಿಲ್ಲ?" ಎಂದು ಕೇಳಿದ್ದಳು.

"ಹೋಮದ ಹೊಗೆ ಬಣ್ಣಕ್ಕೆ ತಾಗ್ತದಂತೆ. ಮುಗಿದ್ಮೇಲೆ ಬಾ ಅಂದವ್ನೆ."

"ಹೊಗೆ ಬಣ್ಣಕ್ಕೆ ತಾಗ್ತದಾ, ಮನುಷ್ಯರಿಗಾ?"

ರವಿಚಂದ್ರ ಹಗ್ಗ ಬಿಗಿದಿದ್ದ. ಅವಳಿಗೆ ಉತ್ತರ ಕೊಡುವುದಕ್ಕಿಂತ ಗಂಟು ಹಾಕುವುದು ಸುಲಭವಿತ್ತು.

ಈಗ ಅವನು ಹಲಗೆಯನ್ನು ಮೊಳೆಗೆ ನೇತುಹಾಕಿ, ಡಬ್ಬಿ ತೆರೆದು ನೀಲಿಗೆ ಬಿಳಿ ಬೆರೆಸತೊಡಗಿದ. ಆಕ್ರಿಲಿಕ್ ಹತ್ತು ನಿಮಿಷಕ್ಕೆ ಒಣಗುತ್ತದೆ. ಒಣಗಿತೆಂದರೆ ಅಳಿಸುವ ಹಾಗಿಲ್ಲ, ಮುಚ್ಚಬಹುದು ಅಷ್ಟೆ. ಈ ಗುಣಕ್ಕಾಗಿಯೇ ಅವನಿಗೆ ಅದು ಇಷ್ಟ.

ಹಾರುವ ಕೊಕ್ಕರೆಯನ್ನು ತಿರುಗಿಸುವುದು ಕಷ್ಟವೇನಲ್ಲ ಎಂದು ಮೊದಲನೆಯದರಲ್ಲೇ ತಿಳಿಯಿತು. ರೆಕ್ಕೆ ಹಾಗೇ ಇರಲಿ. ಮುಂದೆ ಚಾಚಿದ ಕತ್ತನ್ನು ಆಕಾಶದಲ್ಲಿ ಮುಚ್ಚಿ ಅಲ್ಲಿ ಕಾಲು ಎಳೆ. ಹಿಂದೆ ಎಳೆದುಕೊಂಡಿದ್ದ ಕಾಲನ್ನು ಮುಚ್ಚಿ ಅಲ್ಲಿ ಕತ್ತು, ಹಳದಿ ಕೊಕ್ಕು. ಕಾಲಿದ್ದಲ್ಲಿ ತಲೆ, ತಲೆ ಇದ್ದಲ್ಲಿ ಕಾಲು. ಪ್ರಮೋಷನ್ ಬಂದ ಹಾಗೆ. ಆದರೆ ಇವತ್ತು ಬೆರೆಸಿದ ನೀಲಿ ಎಂಟು ತಿಂಗಳ ನೀಲಿಗೆ ಕೂಡಲಿಲ್ಲ. ಒಣಗುತ್ತ ಒಣಗುತ್ತ ಕಪ್ಪಿಟ್ಟಿತು. ಪ್ರತಿ ಹಕ್ಕಿಯ ಸುತ್ತ ಒಂದು ಕಲೆ, ಅದು ಮೊದಲು ಎತ್ತ ಹೋಗುತ್ತಿತ್ತೆಂಬುದಕ್ಕೆ ಸಾಕ್ಷಿ.

ಒಂದು. ಎರಡು. ಮೂರು.

ಚಲುವರಾಜುವಿನ ತಾಯಿ ಮಂಗಳಮ್ಮ ಕಾಫಿ ಕಳಿಸಿದರು, ಪೇಪರ್ ಲೋಟದಲ್ಲಿ. ಹಳೆಯ ಮನೆಯಲ್ಲಿ ಅವನಿಗೆಂದು ಜಗಲಿಯ ಗೂಡಿನಲ್ಲಿ ಒಂದು ಬೇರೆ ಲೋಟವಿತ್ತು. ಈಗ ಬಂದವರೆಲ್ಲರಿಗೂ ಪೇಪರ್ ಲೋಟ. ಕುಡಿದು ಎಲ್ಲರೂ ಬಿಸಾಕಬೇಕು. ದೇಶ ಮುಂದುವರಿದಿದೆ ಎಂದುಕೊಂಡು ಗುಟುಕರಿಸಿದ.

"ಇನ್ನೂ ಎಷ್ಟೊತ್ತಪ್ಪ?" ಎಂದರು ಮಂಗಳಮ್ಮ ಅಡುಗೆಮನೆಯ ಬಾಗಿಲಿನಿಂದ. "ನೆಂಟ್ರು ಬರೋ ವೊತ್ತು. ನಡುಮನೇಲಿ ಏಣಿ ನಿಂತ್ಕಂಡದೆ."

"ಇನ್ನು ಆರು ಹಕ್ಕಿ ಅವ್ವ."

"ಆರಾ? ಒಂದೆರಡ ತಿರುಗ್ಸಿದ್ರೆ ಮಿಕ್ಕವು ತಾವಾಗೇ ಬರಾಕಿಲ್ವಾ?"

ಅವನು ನಕ್ಕ. ಅವರು ನಗಲಿಲ್ಲ. ತಮಾಷೆಗೆ ಹೇಳಿದ್ದಲ್ಲ.

ಆರನೆಯದಕ್ಕೆ ಹೊಸ ಕತ್ತು ಮೂಡಿ, ಹಳೆಯ ಕತ್ತನ್ನು ಇನ್ನೇನು ಮುಚ್ಚಬೇಕು, ಆಗ ಬಾಗಿಲಲ್ಲಿ ಗದ್ದಲವಾಯಿತು. ಕಿರುಗಾವಲಿನಿಂದ ಚಲುವರಾಜುವಿನ ಸೋದರಮಾವ ಮಹದೇವು ಬಂದಿದ್ದರು. ಅವರ ಹಿಂದೆ ಇಬ್ಬರು ಏನನ್ನೋ ಹೊತ್ತು ತಂದರು. ಬಣ್ಣದ ಕಾಗದ ಹರಿದರೆ ಒಳಗೆ ಏಳು ಬಿಳಿ ಕುದುರೆ. ಪ್ರಿಂಟು. ಮೇಲೆ ಗಾಜು, ಸುತ್ತ ಚಿನ್ನದ ಬಣ್ಣದ ಚೌಕಟ್ಟು, ಹಿಂದೆ ಸಣ್ಣ ಲೈಟು ಬೇರೆ. ಸ್ವಿಚ್ ಹಾಕಿದರೆ ಸೂರ್ಯ ಹುಟ್ಟುತ್ತಿದ್ದ.

"ಏಳೂ ಒಳಿಕ್ಕೇ ಬತ್ತಾವೆ ನೋಡಿ ಮಾವ," ಎಂದಳು ನಯನ, ಸಮಾಧಾನದಿಂದ.

ಚಲುವರಾಜು ಕುದುರೆಗಳ ಮುಂದೆ ನಿಂತ. ರವಿಚಂದ್ರ ಏಣಿಯ ಮೇಲಿಂದ ಅವನ ನೆತ್ತಿ ನೋಡುತ್ತಿದ್ದ, ಕೂದಲು ತೆಳುವಾಗಿತ್ತು. ಚಲುವರಾಜುವಿನ ಕೈ ಮೆಲ್ಲಗೆ ಅಂಗಿಯ ಮೇಲಿನ ಗುಂಡಿಗೆ ಹೋಯಿತು. ಬಿಚ್ಚಿತು.

"ಮುಂದೆ ನಿಂತ್ಕಂಡ್ರೆ ಮೈಗೆ ಗಾಳಿ ಬೀಸ್ದಂಗಾಯ್ತದೆ ಕಣ್ಮಾವ."

ಮಹದೇವು ಹಿಗ್ಗಿದರು. "ಮತ್ತೆ? ಮೈಸೂರಿಂದ ತರ್ಸಿದ್ದು."

ರವಿಚಂದ್ರನ ಕುಂಚದ ತುದಿಯ ಬಣ್ಣ ಒಣಗುತ್ತಿತ್ತು. ಬಣ್ಣ ಬಯಲಾಗುವುದು ಎಂದರೆ ಇದೇ ಇರಬೇಕು ಎಂದು ಯೋಚಿಸಿದ. ಆಶ್ಚರ್ಯವೆಂದರೆ ಚಲುವರಾಜು ಸುಳ್ಳು ಹೇಳಿದಂತೆ ಕಾಣಲಿಲ್ಲ. ಈಗಲೂ ಅಲ್ಲ, ಆಗಲೂ ಅಲ್ಲ. ಸೆಖೆಯಾದಾಗ ಗುಂಡಿ ಬಿಚ್ಚುವ ಮನುಷ್ಯ, ಬಿಚ್ಚಿದಾಗ ಗಾಳಿ ಬೀಸುತ್ತದೆ. ಅಷ್ಟೇ ಇದ್ದಿರಬಹುದು.

"ಯಾರಪ್ಪ ಮೇಲಿರೋದು?" ಎಂದು ಮಹದೇವು ಕತ್ತೆತ್ತಿದರು.

ಚಲುವರಾಜು ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡ.

"ನಮ್ಮ ಪೇಂಟ್ರು."

"ಕಿರುಗಾವಲಲ್ಲಿ ನಮ್ಮ ಮನೇಗೂ ಬಳೀಬೇಕು ಕಣಪ್ಪ. ಆಚೆ ಗ್ವಾಡೆ ಪೂರಾ ಎದ್ದೋಗದೆ. ನಂಬರ್ ಕೊಟ್ಟೋಗು."

ರವಿಚಂದ್ರ ನಂಬರ್ ಹೇಳಿದ. ಮಹದೇವು ಮೊಬೈಲಿನಲ್ಲಿ ಒತ್ತಿಕೊಂಡು, 'ಸುಣ್ಣ' ಎಂದು ಹೆಸರು ಹಾಕಿಕೊಳ್ಳುವುದು ಮೇಲಿನಿಂದ ಕಾಣುತ್ತಿತ್ತು.

"ಮೇಷ್ಟ್ರೇ," ಎಂದ ಚಲುವರಾಜು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಬಹುವಚನ. "ಒಂದು ಕೆಲ್ಸ ಮಾಡಿ. ಹೆಂಗೂ ಮೊಳೆ ಹೊಡ್ದಿದ್ದೀರಲ್ಲ, ಸದ್ಯಕ್ಕೆ ಅದ ಇಳ್ಸಿ ಇದ ಹಾಕ್ಬುಡಿ. ಸೋದರಮಾವ ತಂದಿದ್ದು, ನಡುಮನೇಲಿ ಇಲ್ದಿದ್ರೆ ಅವ್ವ ಒಪ್ಪಾಕಿಲ್ಲ."

"ಇದು?"

"ಅದ ಮೇಲ್ಗಡೆ ಮಾಡಿ ರೂಮಿಗೆ ಹಾಕನ. ಮೊದ್ಲು ಒಣಗ್ಲಿ. ಹಿತ್ಲಲ್ಲಿ ಇಡ್ಸಿರ್ತೀನಿ."

ಒಣಗಿ ಆಗಿತ್ತು. ಕೈಯಿಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು.

ಇಲ್ಲ ಎಂದು ಹೇಳಲು ಸಾಕಷ್ಟು ಸಮಯವಿತ್ತು. ಚಿತ್ರ ಇಳಿಸಿಕೊಂಡು, ಅದನ್ನು ಹೊತ್ತು, ಅದೇ ಬಾಗಿಲಿನಿಂದ ಹೊರಗೆ ನಡೆಯಬಹುದಿತ್ತು. ಐದು ಹಕ್ಕಿಗಳಾದರೂ ದಾರಿ ತೋರಿಸುತ್ತಿದ್ದವು. ರವಿಚಂದ್ರ ಹಲಗೆ ಇಳಿಸಿಕೊಟ್ಟು, ಮೊಳೆ ಗಟ್ಟಿಯಿದೆಯೇ ಎಂದು ಅಲ್ಲಾಡಿಸಿ ನೋಡಿದ. ಕುದುರೆಗಳ ತೂಕಕ್ಕೆ ಇನ್ನೊಂದು ಏಟು ಬೇಕೆನಿಸಿತು. ಹೊಡೆದ. ಏಳೂ ಕುದುರೆಗಳನ್ನು ತಾನೇ ನೇತುಹಾಕಿ, ಹಿಂದೆ ಸರಿದು, ಒಂದು ಕಡೆ ಕಾಲಂಗುಲ ತಗ್ಗಿದೆ ಎಂದು ಸರಿಪಡಿಸಿದ. ಕೆಲಸ ಅಂದಮೇಲೆ ಕೆಲಸ.

ಮಹದೇವು ಜೊತೆಗೆ ಬಂದಿದ್ದ ಇಬ್ಬರು ಹಲಗೆಯನ್ನು ಹಿಂಬಾಗಿಲಿಂದ ಒಯ್ದರು. ತಿರುಗಿದ್ದ ಹಕ್ಕಿಗಳೂ ತಿರುಗದಿದ್ದ ಹಕ್ಕಿಗಳೂ ಒಂದೇ ಬಾಗಿಲಲ್ಲಿ ದಾಟಿದವು.

ಫೋನ್ ಬಂತು. ಅರುಂಧತಿ.

"ಹಾಕಾಯ್ತಾ?"

"ಹಾಕಾಯ್ತು."

"ನಡುಮನೇಲೇನಾ?"

"ನಡುಮನೇಲೆ."

"ಏನಂದ್ರು?"

"ಗಾಳಿ ಬೀಸ್ದಂಗಾಯ್ತದೆ ಅಂದ."

"ಫೋಟೊ ಕಳ್ಸಿ."

"ಚಾರ್ಜ್ ಇಲ್ಲ."

ಎಂಬತ್ತು ಪರ್ಸೆಂಟ್ ಇತ್ತು. ಒಂದೇ ಒಂದು ಸುಳ್ಳನ್ನೂ ಹೇಳದೆ ಮುಕ್ಕಾಲು ಮಾತು ಮುಗಿಸಿದ್ದನಲ್ಲ ಎಂಬ ಸಣ್ಣ ಹೆಮ್ಮೆ ಕೊನೆಗೆ ಹಾಳಾಯಿತು.

ಮೊದಲ ಪಂಕ್ತಿ ಕೂತಿತು. ಎರಡನೆಯದಕ್ಕೆ ಬಾ ಎಂದು ಚಲುವರಾಜು ಎಲೆ ಹಾಸುವವರ ನಡುವಿನಿಂದ ಕೈ ಮಾಡಿದ. ಅದು ತನಗೋ ಹಿಂದಿದ್ದವರಿಗೋ ಎಂದು ರವಿಚಂದ್ರ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಆದರೂ ಅನುಮಾನ ಹೋಗಲಿಲ್ಲ. ಗೋಡೆ ತಪ್ಪಿದ್ದು ಹಕ್ಕಿಗಳ ದಿಕ್ಕಿನಿಂದಲೋ, ಬರೆದ ಕೈಯಿಂದಲೋ? ಕೇಳಿದರೆ ಚಲುವರಾಜು ನಗುತ್ತಾನೆ. ನಕ್ಕರೆ ಇವನು ನಂಬುತ್ತಾನೆ. ಈ ವ್ಯವಹಾರ ಹಾಗೆಯೇ ನಡೆದುಬಂದಿತ್ತು.

ಚಿತ್ರವನ್ನು ಹೊತ್ತುಕೊಂಡು ಹೋಗುವುದೆಂದು ತೀರ್ಮಾನಿಸಿ ಅವನು ಹಿತ್ತಲಿಗೆ ನಡೆದ. ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಐದಡಿ ಹಲಗೆ ಹಿಡಿದು ಮಳವಳ್ಳಿ ಬಸ್ಸಿಗೆ ಕಾಯುವ ತನ್ನನ್ನು ಕಲ್ಪಿಸಿಕೊಂಡ. ಕಂಡಕ್ಟರ್ ಹಕ್ಕಿಗೊಂದು ಟಿಕೆಟ್ ಕೇಳಬಹುದು.

ಹಿತ್ತಲಲ್ಲಿ ಗಾಳಿ ಜೋರಾಗಿತ್ತು. ಶಾಮಿಯಾನದ ಅಂಚು ಪಟಪಟ ಬಡಿಯುತ್ತಿತ್ತು. ಮೂಲೆಯಲ್ಲಿ ಮೂರು ಕಲ್ಲು ಹೂಡಿದ ಸೌದೆ ಒಲೆ, ಮೇಲೆ ಸಾರಿನ ಕೊಪ್ಪರಿಗೆ. ಒಲೆಗೆ ಗಾಳಿ ಬರುವ ಕಡೆಗೆ ಅಡ್ಡವಾಗಿ, ಕೆಳಗೆ ಎರಡು ಇಟ್ಟಿಗೆ ಆನಿಸಿ, ಅವನ ಸಮುದ್ರ ನಿಂತಿತ್ತು. ಮುಖ ಬೆಂಕಿಯ ಕಡೆಗೆ.

ಅಡುಗೆಯ ಮರಿಸಿದ್ದಯ್ಯ ಸೌಟು ಝಾಡಿಸುತ್ತ ನೋಡಿದ. "ನಿಮ್ದಾ ಸಾ ಇದು?"

"ಯಾಕೆ?"

"ಊಟ ಮುಗಿಯೋಗಂಟ ಇರ್ಲಿ ಸಾ. ಬೆಳಿಗ್ಗಿಂದ ಈ ಗಾಳಿ ಉರಿ ನಿಲ್ಲಾಕೇ ಬುಡ್ನಿಲ್ಲ. ಅವ್ವಾರು ಇದ ಇಟ್ಕೊ ಅಂದ್ರು. ಭೇಷಾಗದೆ ಸಾ, ಒಂದುಸ್ರು ಗಾಳಿ ಬುಡ್ತಿಲ್ಲ."

ಇಷ್ಟು ನೇರವಾಗಿ ರವಿಚಂದ್ರನ ಚಿತ್ರವನ್ನು ಯಾರೂ ಹೊಗಳಿರಲಿಲ್ಲ.

"ಆ ಒಂದು ಹಕ್ಕಿಗೆ ಎಲ್ಡು ತಲೆ ಅದಲ್ಲ ಸಾ," ಎಂದ ಮರಿಸಿದ್ದಯ್ಯ, ಸೌದೆ ಒಳಗೆ ತಳ್ಳುತ್ತ. "ಬೇಕಂತ್ಲೇ ಬರ್ದಿದ್ದಾ?"

ಹೊಗೆ ಹಲಗೆಗೆ ತಾಗಿ ಮೇಲೇರುತ್ತಿತ್ತು. ಇವತ್ತಿನ ನೀಲಿಯೂ ಎಂಟು ತಿಂಗಳ ನೀಲಿಯೂ ಮೆಲ್ಲಮೆಲ್ಲಗೆ ಒಂದೇ ಬಣ್ಣಕ್ಕೆ ತಿರುಗುತ್ತಿದ್ದವು. ಐದು ಹಕ್ಕಿ ಮನೆಯೊಳಕ್ಕೆ, ಐದು ಹೊರಕ್ಕೆ. ನಡುವಿನದಕ್ಕೆ ಎರಡು ಕಡೆಯೂ ಕೊಕ್ಕು. ಕಾಲಿರಲಿಲ್ಲ, ಇಳಿಯುವ ಹಾಗೂ ಇಲ್ಲ.

ರವಿಚಂದ್ರ ಅದರ ಮುಂದೆ ನಿಂತ. ಅಂಗಿಯ ಮೇಲಿನ ಗುಂಡಿ ಬಿಚ್ಚಿದ. ಕಾದ.

ಶಾಮಿಯಾನ ಎಲ್ಲೋ ದೂರದಲ್ಲಿ ಬಡಿದುಕೊಳ್ಳುತ್ತಿತ್ತು. ಹಲಗೆಯ ಈ ಬದಿಯಲ್ಲಿ ಉರಿ ಒಂದಿಷ್ಟೂ ಅಲುಗದೆ ನೆಟ್ಟಗೆ ನಿಂತಿತ್ತು.