ಸ್ಥಳ: ಕುಂಬಾರಗೇರಿ

ನನ್ನ ಮೇಜಿನೆದುರಿನ ಗೋಡೆಯಲ್ಲಿ ಊರಿನ ನಕಾಶೆ ತೂಗುತ್ತಿತ್ತು. ಅದರ ಮೇಲಿನ ಕೆಂಪು ಚುಕ್ಕೆಗಳೆಲ್ಲ ನಾನೇ ಇಟ್ಟವು. ದೂರದ ಗುಡ್ಡಗಾಡಿನಿಂದ ದುಡಿಯಲು ಬಂದವರನ್ನು, ಅವರ ಮುಖ ನಮ್ಮ ಹಾಗಿಲ್ಲ ಎಂಬ ಒಂದೇ ಕಾರಣಕ್ಕೆ, ನಮ್ಮೂರಿನವರು ಹಿಡಿದು ಬಡಿಯುತ್ತಿದ್ದ ಕಾಲ ಅದು. ಎಲ್ಲೆಲ್ಲಿ ಬಡಿಯುತ್ತಾರೆಂದು ಗುರುತಿಸುವ ಕೆಲಸವನ್ನು ಪುರಸಭೆ ನನಗೆ ಒಪ್ಪಿಸಿತ್ತು. ಪೆಟ್ಟು ತಿಂದವರು ಬರೆದುಕೊಟ್ಟ ಮೂವತ್ತೊಂದು ಅರ್ಜಿ, ಮೂವತ್ತೊಂದು ಚುಕ್ಕೆ. ಕುಂಬಾರಗೇರಿಯಂತೂ ಅಮ್ಮ ಎದ್ದ ಮೈಯಂತೆ ಕಾಣುತ್ತಿತ್ತು. ಗಿರಣಿ ರಸ್ತೆಯಲ್ಲಿ ಒಂದೂ ಇರಲಿಲ್ಲ. ಪೊಲೀಸರನ್ನು ಕುಂಬಾರಗೇರಿಗೇ ಹಾಕಿಸಿದೆ. ನನ್ನ ಅಚ್ಚುಕಟ್ಟುತನಕ್ಕೆ ನಾನೇ ಬೀಗುತ್ತಿದ್ದೆ.

ಆಸೆನ್ಲಾ ಆ ಗುಡ್ಡಗಾಡಿನ ಹುಡುಗಿ, ಆಸ್ಪತ್ರೆಯಲ್ಲಿ ನರ್ಸ್. ಊರಿಗೆ ಹೊಸಬಳು. ಕುಂಬಾರಗೇರಿಯಲ್ಲಿ ತನ್ನವರ ಜೊತೆ ಬಾಡಿಗೆಗಿದ್ದವಳು, ಮನೆಯೆದುರು ಪೊಲೀಸರು ಬಂದು ನಿಂತದ್ದು ಕಂಡು ಗಾಬರಿಯಾಗಿ, ಎಲ್ಲಿದ್ದರೆ ಜೀವ ಉಳಿದೀತೆಂದು ಕೇಳಲು ಬಂದಳು. ನಾನು ಗಿರಣಿ ರಸ್ತೆ ತೋರಿಸಿದೆ. ಅಲ್ಲಿಗೆ ಹೋಗಲು ತನ್ನವರು ಹೆದರುತ್ತಾರೆ ಎಂದು ಮೆಲ್ಲಗೆ ಹೇಳಿದಳು. ಹೆದರಿಕೆ ಬೇರೆ, ದಾಖಲೆ ಬೇರೆ ಎಂದು ನಕ್ಕೆ. ಓಡಾಡಿ ಅಲ್ಲೇ ಒಂದು ಕೋಣೆಯನ್ನೂ ಹುಡುಕಿಕೊಟ್ಟೆ.

ಐದನೆಯ ದಿನ, ಗಿರಣಿ ರಸ್ತೆಯಲ್ಲೇ, ಹಾಡಹಗಲಲ್ಲಿ, ಅಂಗಡಿಗಳವರೆಲ್ಲ ನೋಡುತ್ತಿರುವಂತೆಯೇ ಅವಳನ್ನು ಹೊಡೆದರು.

ಅವಳು ಕೆಲಸ ಮಾಡುತ್ತಿದ್ದ ವಾರ್ಡಿನಲ್ಲೇ ಅವಳನ್ನು ಮಲಗಿಸಿದ್ದರು. ಬಲಗೈ ಮುರಿದಿತ್ತು. ಕುಂಬಾರಗೇರಿಯಲ್ಲೇ ಅಷ್ಟೊಂದು ಪ್ರಕರಣಗಳಿದ್ದವಲ್ಲ ಎಂದು ನಾನು ಏನೇನೋ ತೊದಲಿದೆ.

"ಅಲ್ಲಿ ನಮಗೆ ಯಾರೂ ಹೊಡೆದಿಲ್ಲ ಸರ್," ಎಂದಳು. "ಹೊಡೆಸ್ಕೊಂಡು ಬಂದು ಅರ್ಜಿ ಬರೆಯೋದು ಅಲ್ಲಿ."

ಕಚೇರಿಗೆ ಓಡಿ ಅರ್ಜಿಗಳನ್ನು ಬಿಚ್ಚಿದೆ. ಪ್ರತಿಯೊಂದರ ಕೊನೆಯಲ್ಲೂ, ಶಾಲೆಯಲ್ಲಿ ನಮಗೆಲ್ಲ ಕಲಿಸಿದಂತೆ, ದಿನಾಂಕ ಮತ್ತು ಸ್ಥಳ: ಕುಂಬಾರಗೇರಿ. ಅದು ಅರ್ಜಿ ಬರೆದ ಸ್ಥಳ ಎಂದು ಯಾವ ಮಗುವಿಗೂ ಗೊತ್ತು. ಅವಸರದಲ್ಲಿ ನಾನು ಆ ಒಂದು ಪದವನ್ನಷ್ಟೇ ನೋಡಿ ಚುಕ್ಕೆ ಇಟ್ಟಿದ್ದೆ. ಒಳಗಿನ ಒಕ್ಕಣೆಯನ್ನು ಮೊದಲ ಸಲ ಓದಿದೆ. ಹತ್ತೊಂಬತ್ತು ಅರ್ಜಿಗಳಲ್ಲಿ ಗಿರಣಿ ರಸ್ತೆಯ ಹೆಸರಿತ್ತು. ಉಳಿದವುಗಳಲ್ಲಿ ಸಂತೆಪೇಟೆ, ಬಸ್ ನಿಲ್ದಾಣ, ಕೋಟೆ ಬಾಗಿಲು. ತಲೆಯೆತ್ತಿ ಗೋಡೆಯ ಚುಕ್ಕೆಗಳನ್ನು ನೋಡಿದೆ. ಇಡೀ ಊರಿನಲ್ಲಿ ಅವರಿಗೆ ಇದ್ದ ಒಂದೇ ಆಸರೆಯನ್ನು ಹುಡುಕಿ ಹುಡುಕಿ ಕೆಂಪು ಮಾಡಿದ್ದೆ, ಅವಳನ್ನು ಅಲ್ಲಿಂದ ಎಬ್ಬಿಸಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವಳನ್ನು ಬಿಡುಗಡೆ ಮಾಡಿದ ಸಂಜೆ ಆಸ್ಪತ್ರೆಯ ಗೇಟಿನವರೆಗೂ ಜೊತೆಗೆ ಬಂದೆ. ಕುಂಬಾರಗೇರಿಯ ಮನೆ ಮಾಲೀಕರು, ಪೊಲೀಸರು ಬಂದು ನಿಲ್ಲುವ ಮನೆ ಎಂದು ಬೇಸತ್ತು, ಅವಳ ಜನರನ್ನೆಲ್ಲ ಅಷ್ಟರಲ್ಲಿ ಖಾಲಿ ಮಾಡಿಸಿದ್ದರು.

"ಈಗ ಯಾವ ಕಡೆ ಹೋಗಲಿ ಸರ್?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಅವಳ ಚೀಲ ಹಿಡಿದು ನಿಂತೆ. ರಸ್ತೆಯ ಎರಡೂ ಬದಿಯಲ್ಲಿ ಜನ ಸೊಪ್ಪು, ಹೂವು ಕೊಂಡುಕೊಂಡು ಮನೆಗೆ ಹೋಗುತ್ತಿದ್ದರು.