ಲಕ್ಷ್ಮಕ್ಕನ ಕೆಂಪು ಮಣಿಗಳು

ಬಿ.ಜಿ. ಕೆರೆ ಹಳ್ಳಿಯ ಲಕ್ಷ್ಮಕ್ಕ ಕೂಲಿಗೆ ಹೋಗುತ್ತಿದ್ದ ಶೇಂಗಾ ಹೊಲದಲ್ಲಿ, ಮಳೆ ಬಿದ್ದ ಮಾರನೇ ದಿನ ಕೆಂಪು ಗಾಜಿನ ಸಣ್ಣ ಮಣಿಗಳು ಮಣ್ಣಿನಿಂದ ಮೇಲೆದ್ದಿರುತ್ತಿದ್ದವು. ಕಳೆ ತೆಗೆಯುವಾಗ ಕಂಡದ್ದನ್ನೆಲ್ಲ ಅವಳು ಸೆರಗಿನ ತುದಿಗೆ ಕಟ್ಟಿಕೊಂಡು ಬರುತ್ತಿದ್ದಳು. ಹತ್ತೊಂಬತ್ತು ವರ್ಷಗಳಲ್ಲಿ ಉಪ್ಪಿನಕಾಯಿ ಬಾಟಲಿಯೊಂದು ಮುಕ್ಕಾಲು ತುಂಬಿತ್ತು.

ಸುದ್ದಿ ಕೇಳಿ, ಚಳ್ಳಕೆರೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಶಶಿಕಾಂತ್ ಬಂದ. ಸಾವಿರ ವರ್ಷದ ಹಿಂದೆ ಇಂಥವೇ ಮಣಿಗಳು ನಮ್ಮ ಬಂದರುಗಳಿಂದ ಹಡಗು ಹತ್ತಿ ಆಫ್ರಿಕಾಕ್ಕೆ ಹೋಗುತ್ತಿದ್ದವೆಂದ. ಕಿಲ್ವಾದಂಥ ಬಂದರುಗಳಲ್ಲಿ ಇಳಿದು, ಒಳನಾಡಿನ ಜಿಂಬಾಬ್ವೆಯ ರಾಜರ ತನಕ ಮುಟ್ಟುತ್ತಿದ್ದವು; ಬದಲಿಗೆ ಅಲ್ಲಿಂದ ಬಂಗಾರ, ಆನೆದಂತ ಬರುತ್ತಿತ್ತು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಆ ರಾಜರ ಗೋಡೆಗಳನ್ನು ಮೊಬೈಲಿನಲ್ಲಿ ತೋರಿಸಿದ. ಅಲ್ಲಿಯ ರಾಣಿಯರು ಮಣಿಯನ್ನು ಕೊರಳಿಗೆ ಹಾಕುತ್ತಿದ್ದರೋ ಸೊಂಟಕ್ಕೋ ಎಂದು ಲಕ್ಷ್ಮಕ್ಕ ಕೇಳಿದಳು.

ಕಾಲೇಜಿಗೆ ಕೊಟ್ಟರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಅವಳ ಹೆಸರು ಬರೆಸುವುದಾಗಿ ಹೇಳಿದ. ಎರಡು ವರ್ಷ ಬಂದು ಹೋಗಿ ಮಾಡಿ, ಅಕ್ಕ ಅಕ್ಕ ಎನ್ನುತ್ತ ಅವಳ ಕೈಯ ಮುದ್ದೆ ಉಂಡವನು. ಲಕ್ಷ್ಮಕ್ಕ ಬಾಟಲಿ ಕೊಟ್ಟಳು.

ಕಾಲೇಜಿನಲ್ಲಿ ಮಣಿಗಳ ಪ್ರದರ್ಶನ ನಡೆದಾಗ ಅವಳಿಗೆ ಯಾರೂ ಹೇಳಲಿಲ್ಲ. ಪೇಪರಿನಲ್ಲಿ ನೋಡಿದ ಮಗಳು ಗೀತಮ್ಮ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಪೆಟ್ಟಿಗೆಯ ಮೇಲಿನ ಚೀಟಿಯನ್ನು ಓದಿ ಹೇಳಿದವಳೂ ಗೀತಮ್ಮನೇ. ಶಶಿಕಾಂತ್ ತನ್ನ ಸ್ವಂತ ಜಮೀನಿನಲ್ಲಿ ಪತ್ತೆ ಹಚ್ಚಿದ ಮಣಿಗಳು ಎಂದಿತ್ತು.

ಅವರನ್ನು ಕಂಡ ಶಶಿಕಾಂತ್ ಪಕ್ಕಕ್ಕೆ ಕರೆದ. ಹಳೇ ಸಾಮಾನು ಇಟ್ಟುಕೊಂಡವರ ಮೇಲೆ ಕೇಸಾಗುತ್ತದೆ, ಅಕ್ಕನಿಗೆ ತೊಂದರೆಯಾಗಬಾರದೆಂದು ಹಾಗೆ ಬರೆಸಿದೆ ಎಂದ.

“ನಂಗೆ ಆಗೋ ಕೇಸು ನಿಮ್ಗೆ ಯಾಕಾಗಲ್ಲ, ಮೇಷ್ಟ್ರೇ?”

ಅವನು ಅತಿಥಿಗಳು ಬಂದರೆಂದು ಹೊರಟುಹೋದ. ಪೆಟ್ಟಿಗೆಯ ಮುಂದೆ ನಿಂತಿದ್ದ ವಿದ್ಯಾರ್ಥಿನಿಯರಿಗೆ ಲಕ್ಷ್ಮಕ್ಕ ಯಾವ ಮಣಿ ಬದುವಿನ ಪಕ್ಕ ಸಿಕ್ಕಿತು, ಯಾವುದು ಜಾಲಿಮರದ ಬುಡದಲ್ಲಿ ಎಂದು ಹೇಳತೊಡಗಿದಳು. ಅವರು ಮುಖ ಮುಖ ನೋಡಿಕೊಂಡರು, ಒಬ್ಬಳು ನಕ್ಕಳು. ಗೀತಮ್ಮ ತಾಯಿಯ ಕೈ ಹಿಡಿದು ಹೊರಗೆ ಕರೆತಂದಳು.

ಬಸ್ಸಿನಲ್ಲಿ ಲಕ್ಷ್ಮಕ್ಕ ಆಡಿದ್ದು ಒಂದೇ ಮಾತು. “ಉಣ್ಣಕ್ಕೆ ಇಕ್ಕಿದ್ನಲ್ಲೇ ಅವ್ನಿಗೆ.”

ಮುಂದಿನ ಮುಂಗಾರಿನಲ್ಲಿ ಶಶಿಕಾಂತ್ ಏನೂ ಆಗದವನಂತೆ ಹೊಲದ ಬದುವಿಗೇ ಬಂದು, ಹೊಸದೇನಾದರೂ ಸಿಕ್ಕಿತೇ ಎಂದು ವಿಚಾರಿಸಿದ. ಬೆಳಿಗ್ಗೆ ಸಿಕ್ಕ ನಾಲ್ಕು ಮಣಿಗಳನ್ನು ಅವಳು ಆಗಲೇ ಹಿಮ್ಮಡಿಯಿಂದ ಮಣ್ಣಿಗೆ ತುಳಿದಿದ್ದಳು.

“ಏನೂ ಇಲ್ಲ,” ಎಂದು ಲಕ್ಷ್ಮಕ್ಕ ಬಗ್ಗಿ ಕಳೆ ಕೀಳತೊಡಗಿದಳು.